ಒಂದೇ ಎತ್ತರದ ಐದು ಕೇಸರಗಳು

ಸಸ್ಯ ಸಂಗ್ರಹಾಲಯದಲ್ಲಿ ಹದಿನೆಂಟು ವರ್ಷದಿಂದ ಹೂವಿನ ಚಿತ್ರ ಬರೆಯುತ್ತಿದ್ದ ಹಿರಿಯ ಓರಗಿತ್ತಿ, ಮೈದುನನ ಹೆಂಡತಿಯನ್ನು ತಾನೇ ಮುಂದೆ ನಿಂತು ಅಲ್ಲಿ ಕೆಲಸಕ್ಕೆ ಸೇರಿಸಿದ್ದಳು. ವರ್ಷ ತುಂಬುವುದರೊಳಗೆ ಆ ಉಪಕಾರಕ್ಕೆ ಕೈ ಕೈ ಹಿಸುಕಿಕೊಳ್ಳುವಂತಾಯಿತು. ಮುಖ್ಯಸ್ಥರು ಈಗ ಬಾಗಿಲಲ್ಲಿ ನಿಂತು ಹುಡುಕುವುದು ಕಿರಿಯಳನ್ನೇ. ಫ್ಲಾಕ್ಸ್ ಎಂಬ ಹೂಗಿಡದ ಕುಟುಂಬದ ಬಗ್ಗೆ ಬರಲಿದ್ದ ಪುಸ್ತಕದ ಮುಖಪುಟದ ಚಿತ್ರವೂ ಅವಳ ಪಾಲಾಯಿತು.

"ಅಕ್ಕಾ, ಅಚ್ಚಿಗೆ ಹೋಗೋ ಮುಂಚೆ ಒಂದ್ಸಲ ನಿಮ್ಮ ಕಣ್ಣು ಬೀಳ್ಲಿ" ಎಂದು ಕಿರಿಯಳು ಹಾಳೆ ಇಟ್ಟು ಹೋದಳು.

ಕಣ್ಣು ಬಿದ್ದೇ ಬಿತ್ತು. ಮೊಗ್ಗಿನಲ್ಲಿ ಐದು ಎಸಳುಗಳು ಮಡಿಸಿದ ಕೊಡೆಯ ಹಾಗೆ ಒಂದೇ ದಿಕ್ಕಿಗೆ ತಿರುಚಿಕೊಂಡಿದ್ದವು. ಅರಳಿದ ಹೂವಿನಲ್ಲಿ ಅವುಗಳ ಬುಡ ಕೂಡಿ ಕೊಳವೆಯಾಗಿತ್ತು. ನಡುವಿನ ಶಲಾಕೆಯ, ಅಂದರೆ ಅಂಡಾಶಯದ ಮೇಲಿನ ಕಡ್ಡಿಯ, ತುದಿ ಮೂರು ಸೀಳಾಗಿತ್ತು. ತಪ್ಪು ಹುಡುಕಲು ಜಾಗವಿಲ್ಲ. ಹಿರಿಯಳ ಹೊಟ್ಟೆಯೊಳಗೆ ಕಿಚ್ಚು ಹತ್ತಿತು.

ಕೊನೆಗೆ ಸೀಳಿ ಬಿಡಿಸಿದ ಕೊಳವೆಯ ಚಿತ್ರಕ್ಕೆ ಬಂದಳು. ಐದು ಕೇಸರಗಳೂ ಒಂದೇ ಎತ್ತರದಲ್ಲಿ ಅಂಟಿಕೊಂಡಿದ್ದವು! ಫ್ಲಾಕ್ಸ್ ಹೂವಿನಲ್ಲಿ ಅವು ಒಂದು ಮೇಲೆ, ಒಂದು ಕೆಳಗೆ ಇರಬೇಕು. ಹಾಲು ಕುಡಿದಷ್ಟು ಸಂತೋಷವಾಯಿತು. ಕಿರಿಯಳನ್ನು ಕೇಳಲಿಲ್ಲ, ನೇರ ಮುಖ್ಯಸ್ಥರ ಕೋಣೆಗೆ ನಡೆದಳು. ಅಲ್ಲಿ ಇನ್ನೂ ಮೂವರು ಕುಳಿತಿದ್ದರು. ಒಳ್ಳೆಯದೇ ಆಯಿತು ಎಂದುಕೊಂಡಳು.

"ಸರ್, ಕೇಸರಗಳೇ ತಪ್ಪು. ಇದು ಅಚ್ಚಾದ್ರೆ ನಾವೆಲ್ಲ ನಗೆಪಾಟಲು."

ಕರೆ ಹೋಗಿ ಕಿರಿಯಳು ಬಂದಳು. ಅವಳ ಮುಖ ಸಣ್ಣದಾಯಿತು. "ಅಕ್ಕಾ, ಇದು ಫ್ಲಾಕ್ಸ್ ಅಲ್ಲ. ಅದೇ ಕುಟುಂಬದ ಗಿಲಿಯಾ. ಹಾಳೆ ಹಿಂದೆ ಬರ್ದಿದ್ದೀನಲ್ಲ?"

ಹಿರಿಯಳು ಹಾಳೆ ತಿರುಗಿಸಿಯೇ ಇರಲಿಲ್ಲ. ಮುಖ್ಯಸ್ಥರು ಗಿಲಿಯಾ ಹೂವೊಂದನ್ನು ಸೀಳಿ ಮಸೂರದಡಿ ಇಟ್ಟು, "ನೀವೇ ನೋಡಿ" ಎಂದರು. ನೋಡಿದಳು. ಐದೂ ಒಂದೇ ಸಾಲಿನಲ್ಲಿದ್ದವು. ಯಾರೋ ಕೆಮ್ಮಿದರು.

ಹೊರಗೆ ಬಂದ ಮೇಲೆ ಕಿರಿಯಳು ಕೇಳಿದಳು: "ಮೊದ್ಲು ನನ್ನನ್ನೇ ಕೇಳ್ಬಹುದಿತ್ತಲ್ಲ ಅಕ್ಕಾ?"

"ಕೇಳಿದ್ರೆ ನೀನೇ ಸರಿ ಅಂತ ಗೊತ್ತಾಗ್ಬಿಡ್ತಿತ್ತು" ಎಂದಳು ಹಿರಿಯಳು. ಸುಳ್ಳು ಹೇಳುವಷ್ಟು ತ್ರಾಣವೂ ಉಳಿದಿರಲಿಲ್ಲ.

ಕಿರಿಯಳು ಹಾಳೆ ತೆಗೆದುಕೊಂಡು ಹೊರಟುಹೋದಳು. ಪುಸ್ತಕ ಬಂತು, ಮುಖಪುಟವನ್ನು ಎಲ್ಲರೂ ಹೊಗಳಿದರು. ಮನೆಯಲ್ಲಿ ಅವಳು ಇಂದಿಗೂ "ಅಕ್ಕಾ" ಎಂದೇ ಕರೆಯುತ್ತಾಳೆ. ಕೆಲಸದ ಜಾಗದಲ್ಲಿ ಮಾತ್ರ "ಮೇಡಂ".