ತಿಳಿಯಾಗಲೆಂದು ಬಿಟ್ಟ ನೀರು

ಅರವತ್ತೈದನೆಯ ಇಸವಿಯ ಮಳೆಗಾಲ. ಗೆಳೆಯ ಸೋಮಪ್ಪ ಧುಪದಾಳದ ಶಾಲೆಗೆ ಭಾಷಣ ಮಾಡಲು ಬರುತ್ತಾನೆಂದು ಕೇಳಿ ಸತ್ತೆಪ್ಪ ಪೆಟ್ಟಿಗೆಯಿಂದ ಬಿಳಿ ಅಂಗಿ ತೆಗೆದ. ಹಡಗಿನಲ್ಲಿ ಕೊಟ್ಟ ಅಂಗಿ ಅದು. ಕೆಲಸ ಹೋದಾಗಿನಿಂದ ಮೈಗೆ ಹಾಕಿರಲಿಲ್ಲ. ಇವತ್ತು ಗೆಳೆಯ ತನ್ನನ್ನು ಮತ್ತೆ ಹಡಗಿಗೆ ಕರೆಯುತ್ತಾನೆ, ಕರೆದರೆ ಉಟ್ಟ ಬಟ್ಟೆಯಲ್ಲೇ ಹೊರಟೆ ಎಂದುಕೊಂಡಿದ್ದ, ಪಾಪ.

ಇಬ್ಬರೂ ಇದೇ ಊರಿನವರು. ಸೋಮಪ್ಪ ಕಾಳಿನ ವ್ಯಾಪಾರಿಯ ಮಗ, ಸತ್ತೆಪ್ಪ ಕೂಲಿ ಮಾಡುವ ಗುಡ್ಡವ್ವನ ಮಗ. ಆದರೂ ಒಂದೇ ಹೊಳೆಯಲ್ಲಿ ಈಜು ಕಲಿತವರು, ಗುಡ್ಡವ್ವನ ರೊಟ್ಟಿಯನ್ನು ಕದ್ದುಮುಚ್ಚಿ ಹಂಚಿಕೊಂಡು ತಿಂದವರು. ಓದಿದ ಸೋಮಪ್ಪ ಮುಂಬಯಿಯಲ್ಲಿ ಸಮುದ್ರ ಶೋಧಿಸುವ ಹಡಗು ಸೇರಿದಾಗ ಗೆಳೆಯನನ್ನೂ ಕರೆದೊಯ್ದು ಅಲ್ಲೇ ಕೆಲಸಕ್ಕೆ ಹಚ್ಚಿದ.

ಕ್ಯಾನ್ವಾಸ್ ಬಕೀಟನ್ನು ಹಗ್ಗದಲ್ಲಿ ಇಳಿಬಿಟ್ಟು ಸಮುದ್ರದ ನೀರು ಸೇದುವುದು ಸತ್ತೆಪ್ಪನ ಕೆಲಸ. ಅದರಲ್ಲಿ ಥರ್ಮಾಮೀಟರ್ ಅದ್ದಿ ನೋಡುವುದು ಸೋಮಪ್ಪನದು.

"ಬಿಸಲಿಗೆ ಕಾದ ಸಮುದ್ರ ತನ್ನ ಕಾವು ಗಾಳಿಗೆ ಕೊಡತೈತಿ," ಎಂದು ಸೋಮಪ್ಪನೇ ಬಿಡಿಸಿ ಹೇಳಿದ್ದ. "ನೀರು ಆವಿ ಆಗಿ ಗಾಳಿ ಕೂಡ ಹೊಂಡತೈತಿ. ಆ ಗಾಳಿ ಘಟ್ಟ ಹತ್ತಿ ಬಂದ್ರ ಮಳಿ. ನಮ್ಮ ಹೊಳಿ ತುಂಬೂದು ಅದರಿಂದನ. ನೀರೆಷ್ಟು ಬಿಸಿ, ಗಾಳಿ ಎಷ್ಟು ಬಿಸಿ ಅಂತ ಗೊತ್ತಾದ್ರ, ಸಮುದ್ರ ಎಷ್ಟು ಕಾವು ಕೊಟ್ಟೈತಿ ಅನ್ನೂದು ತಿಳೀತೈತಿ."

ಮೊದಲ ದಿನ ಬಕೀಟು ಮೇಲೆ ಬಂದಾಗ ಸೋಮಪ್ಪ, "ತಡಿಯೋ, ತಿಳಿಯಾಗಲಿ," ಎಂದ. ಮಳೆಗಾಲದ ಘಟಪ್ರಭೆಯ ಕೆಂಪು ನೀರು ಕುಡಿದು ಬೆಳೆದವರಿಗೆ, ಸೇದಿದ ನೀರನ್ನು ರಾಡಿ ಇಳಿಯುವವರೆಗೆ ಬಿಡಬೇಕೆಂದು ಯಾರೂ ಕಲಿಸಬೇಕಿಲ್ಲ. ನಡುಸಮುದ್ರದಲ್ಲಿ ರಾಡಿ ಎಲ್ಲಿಂದ ಬರಬೇಕು? ಅದು ಇಬ್ಬರಿಗೂ ಹೊಳೆಯಲಿಲ್ಲ. ದಿನಾ ಬಕೀಟು ಗಾಳಿಗೆ ನಿಂತಿತು. ಬೇಸಿಗೆಯ ಗಡಿಗೆಯಂತೆ ಆ ಕ್ಯಾನ್ವಾಸೂ ಬೆವತು ಒಳಗಿನ ನೀರನ್ನು ತಣಿಸಿತು. ಬಿಸಿ ಸಮುದ್ರ ತಣ್ಣಗಿದೆ ಎಂದು ಬರೆದುಕೊಂಡು ಬಂದರು. ಬೇರೊಂದು ಹಡಗಿನವರ ಲೆಕ್ಕದೊಂದಿಗೆ ತಾಳೆ ನೋಡಿದಾಗ ತಪ್ಪು ಬಯಲಾಯಿತು, ಸತ್ತೆಪ್ಪನ ಕೆಲಸ ಹೋಯಿತು.

"ನಿನ್ನ ಸಂಬಂಧ ಸಾಹೇಬ್ರ ಕಾಲ ಹಿಡದೆ, ಕೇಳ್ಲಿಲ್ಲೋ," ಎಂದು ಸೋಮಪ್ಪ ಅತ್ತಿದ್ದ. "ತಡಿ ಅಂದಾಂವ ನಾ ಅಂತ ಎಲ್ಲೂ ಬಾಯಿ ಬಿಡಬ್ಯಾಡ. ನಾ ಉಳದ್ರ ನಿನ್ನ ಮತ್ತ ಕರಸ್ಕೋತೇನಿ."

ಸತ್ತೆಪ್ಪ ಬಾಯಿ ಬಿಡಲಿಲ್ಲ. ಅವ್ವನಿಗೂ, ಅಲ್ಲಿ ಮಾಡಿದ ಕೆಲಸ ಏನೆಂದು ಬಿಡಿಸದೆ, ಸಮುದ್ರದ ಗಾಳಿ ಒಗ್ಗಲಿಲ್ಲ ಎಂದಷ್ಟೇ ಹೇಳಿ ಕೂಲಿಗೆ ಹೋದ. ಕರೆ ಬರುತ್ತದೆಂದು ಕಾದ. ನಂಬಿದವನಿಗೆ ಕಾಯುವುದು ಭಾರವಲ್ಲ ನೋಡಿ.

ಶಾಲೆಯ ಪಡಸಾಲೆ ತುಂಬಿತ್ತು. ಸೋಮಪ್ಪ ಸಮುದ್ರದ ಕಾವನ್ನೂ ಊರಿನ ಮಳೆಯನ್ನೂ ಜೋಡಿಸಿ ಸೊಗಸಾಗಿ ಮಾತಾಡಿದ. ಜನ ತಲೆದೂಗಿದರು. ತಲೆದೂಗಿದ್ದು ಸಾಲದೆಂದು ನಗಿಸಲು ಹೊರಟ.

"ಹಡಗದಾಗ ನಮ್ಮ ಕಡೆಯಾಂವ ಒಬ್ಬ ಇದ್ದರಿ. ಸಮುದ್ರದ ನೀರು ಸೇದಿ, ತಿಳಿಯಾಗಲಿ ಅಂತ ಬಾಜೂಕ ಇಡಾಂವ! ನೀರು ಆರಿ ನಮ್ಮ ಲೆಕ್ಕ ಎಲ್ಲಾ ಮಣ್ಣುಪಾಲು. ಕಡೀಕ ನಾನ ಸಾಹೇಬ್ರಿಗೆ ಹೇಳಿದೆ, ಇದು ಹಳ್ಳಿ ಚಾಳಿ, ಬಿಡಂಗಿಲ್ಲ, ಇಂವನ್ನ ಕಳಿಸಿಬಿಡ್ರಿ ಅಂತ."

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಗುಡ್ಡವ್ವ. "ಯಾ ಊರ ಹುಚ್ಚಪ್ಪ ಇದ್ದಾನವ್ವ!" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅವಳ ಪಕ್ಕದಲ್ಲಿದ್ದ ಸತ್ತೆಪ್ಪನಿಗೆ ಈಗ ಎಲ್ಲ ತಿಳಿಯಿತು. ಕಾಲು ಹಿಡಿದೆ ಎಂದವನೇ ತನ್ನ ಕತ್ತು ಹಿಡಿದು ದಬ್ಬಿಸಿದ್ದ. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ. ಕೆಲಸ ಹೋದ ದಿನವೂ ಅವನಿಗೆ ಇಷ್ಟು ನೋವಾಗಿರಲಿಲ್ಲ. ಹೆತ್ತ ಅವ್ವನಿಂದಲೂ ತಾನು ಮುಚ್ಚಿಟ್ಟ ಮಾತನ್ನು ಸೋಮಪ್ಪ ತಿರುಚಿ, ಆ ಅವ್ವನನ್ನೇ ನಗಿಸಿದ್ದ.

ಭಾಷಣ ಮುಗಿಸಿ ಬಂದ ಸೋಮಪ್ಪ ಅವನ ಹೆಗಲ ಮೇಲೆ ಕೈ ಹಾಕಿದ. "ಹೆಸರು ಹೇಳ್ಲಿಲ್ಲಲ್ಲೋ. ಮತ್ಯಾಕ ಮಾರಿ ಸಣ್ಣದು ಮಾಡೀದಿ?"

ಸತ್ತೆಪ್ಪ ಏನಾದರೂ ಅನ್ನುವ ಮೊದಲೇ ಗುಡ್ಡವ್ವ ಅಡ್ಡ ಬಂದಳು. "ಬಾ ನನ್ನಪ್ಪ, ಮನೀಗೆ ಬಂದು ಚಾ ಕುಡದು ಹೋಗು," ಎಂದು ಸೋಮಪ್ಪನ ಕೈ ಹಿಡಿದು ಕರೆದೊಯ್ದಳು.

ಅವಳು ಒಲೆ ಹಚ್ಚಿ ಚಹಾಕ್ಕಿಡುವಷ್ಟರಲ್ಲಿ ಸತ್ತೆಪ್ಪ ಕೊಡ ಎತ್ತಿಕೊಂಡು ಹೊಳೆಗೆ ಹೋಗಿ ಬಂದ. ತುಂಬಿ ತಂದ ಕೆಂಪು ನೀರನ್ನೇ ತಂಬಿಗೆಗೆ ಬಗ್ಗಿಸಿ ಗೆಳೆಯನ ಕೈಗಿಟ್ಟ.

"ಕುಡೀರಿ, ಸಾಹೇಬ್ರ."

ಗುಡ್ಡವ್ವ ಹೌಹಾರಿದಳು. "ಏ ಮೂಳಾ, ರಾಡಿ ನೀರು ಕೊಡತಿಯೇನೋ? ತಡಿ, ತಿಳಿಯಾ..."

ಮಾತು ಅಲ್ಲೇ ನಿಂತಿತು. ಮಗನ ಮುಖ ನೋಡಿದಳು, ಮೈಮೇಲಿನ ಬಿಳಿ ಅಂಗಿ ನೋಡಿದಳು.

"ಆ ಹುಚ್ಚಪ್ಪ ನೀನ ಏನೋ?"

"ನಾನ ಬೇ."

"ನಾ ನಕ್ಕೆನಲ್ಲೋ ಯಪ್ಪಾ," ಎಂದು ಅವಳು ಅಲ್ಲೇ ಕುಸಿದು ಕೂತಳು. ಕೂತಲ್ಲಿಂದಲೇ ಕೇಳಿದಳು: "ಇಲ್ಲಿ ತಡಿ ಅಂದಾಕಿ ನಾ. ಅಲ್ಲಿ ತಡಿ ಅಂದಾಂವ ಯಾರು?"

ಸತ್ತೆಪ್ಪ ಕೊಟ್ಟ ಮಾತಿನಂತೆ ಈಗಲೂ ಬಾಯಿ ಬಿಡಲಿಲ್ಲ. ಸೋಮಪ್ಪನನ್ನೇ ನೋಡುತ್ತ ನಿಂತ. ಸೋಮಪ್ಪ ತಂಬಿಗೆಯೊಳಗೆ ನೋಡುತ್ತ ಕೂತ. ಕುಡಿಯಲಿಲ್ಲ, ಕೆಳಗೂ ಇಡಲಿಲ್ಲ.

ಗುಡ್ಡವ್ವ ಎದ್ದು ಅವನ ಕೈಯಿಂದ ತಂಬಿಗೆ ಇಸಿದುಕೊಂಡು ನೀರನ್ನು ಕೊಡಕ್ಕೆ ಸುರಿದಳು. ಕುದಿಯುತ್ತಿದ್ದ ಚಹಾ ಇಳಿಸಿ ಎರಡೇ ಕಪ್ಪಿಗೆ ಸೋಸಿದಳು, ಒಂದು ಮಗನಿಗೆ, ಒಂದು ತನಗೆ.

"ಏಳ್ರಿ ಸಾಹೇಬ್ರ," ಎಂದಳು. "ನಿಮ್ಮ ಗಾಡಿಗೆ ಹೊತ್ತಾತು."