ಕನ್ನಡಿಯ ಹಿಂದಿನ ಮೇಷ್ಟ್ರು

ಸೊಸೆ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ ಮನಃಶಾಸ್ತ್ರ ಓದಿ ಕೌನ್ಸೆಲರ್ ಆಗುವವರಿಗೆ ಅಭ್ಯಾಸಕ್ಕೆ ನಿಜವಾಗಿ ದುಃಖ ಇರುವವರೇ ಬೇಕಂತೆ. "ಮಾವ, ಮನೇಲಿ ಗೋಡೆ ಜೊತೆ ಮಾತಾಡೋ ಬದಲು ಅಲ್ಲಿ ಹೋಗಿ ಮಾತಾಡಿ" ಎಂದಳು. ಹೆಂಡತಿ ತೀರಿಕೊಂಡ ಮೇಲೆ ನನಗೆ ಬೇರೆ ಕೆಲಸವೂ ಇರಲಿಲ್ಲ. ಹೋಗತೊಡಗಿದೆ.

ಸಣ್ಣ ಕೋಣೆ, ಎರಡು ಕುರ್ಚಿ, ಗೋಡೆಯಲ್ಲಿ ದೊಡ್ಡ ಕನ್ನಡಿ. ಅದರ ಹಿಂದೆ ಮೇಷ್ಟ್ರು ಕೂತಿರುತ್ತಾರೆ. ಅವರಿಗೆ ನಾವು ಕಾಣುತ್ತೇವೆ, ನಮಗೆ ಅವರು ಕಾಣುವುದಿಲ್ಲ. ನಿಮಿಷ ನಿಮಿಷಕ್ಕೂ ಲೆಕ್ಕ ಕೇಳುವ ಅವರಿಗೆ ಹುಡುಗರಿಟ್ಟ ಹೆಸರು ಗಡಿಯಾರ. ನನ್ನ ಪಾಲಿಗೆ ಬಂದವಳು ಮೆಲುದನಿಯ ಹುಡುಗಿ. ನಾನು ಹೇಳಹೊರಟ ದಿನ ಅವಳ ಕೊನೆಯ ಅಭ್ಯಾಸ. ಮೇಷ್ಟ್ರು ಒಪ್ಪಿದರೆ ಮಾತ್ರ ಲೈಸೆನ್ಸ್ ಪರೀಕ್ಷೆ. ಇಲ್ಲದಿದ್ದರೆ ವರ್ಷವೆಲ್ಲ ಮೊದಲಿಂದ.

ಹೆಂಡತಿಯ ಕೊನೆಯ ದಿನಗಳನ್ನು ಹೇಳುತ್ತ ಅರ್ಧಕ್ಕೇ ನಿಲ್ಲಿಸಿದೆ. ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಂಡೆ. ಹುಡುಗಿ ಏನೂ ಕೇಳಲಿಲ್ಲ. ತಲೆ ತಗ್ಗಿಸಿ ಕಾದಳು. ನನಗಾಗಿ ಯಾರೂ ಹಾಗೆ ಕಾದಿರಲಿಲ್ಲ. ಬಂದವರೆಲ್ಲ ಎರಡು ಮಾತು ಸಮಾಧಾನ ಹೇಳಿ ಚಪ್ಪಲಿ ಹುಡುಕಿಕೊಂಡವರೇ.

ಬಾಗಿಲು ತೆರೆಯಿತು.

"ನಿಲ್ಸಿ. ಅವರು ಪ್ರಾರ್ಥನೆ ಮಾಡಿದ್ರೆ ನೀವೂ ತಲೆ ತಗ್ಗಿಸ್ತೀರಾ? ಪ್ರಶ್ನೆ ಎಲ್ಲಿ? ಹೀಗಾದ್ರೆ ನಾನು ಒಪ್ಪೋಕಾಗಲ್ಲ" ಎಂದರು ಮೇಷ್ಟ್ರು.

ನನಗೆ ಮೈಯೆಲ್ಲ ಉರಿಯಿತು. "ಏನ್ ಸ್ವಾಮಿ, ಅಳೋರ ಮನೆಗೆ ನುಗ್ಗಿ ಟೈಮೆಷ್ಟಾಯ್ತು ಅಂತ ಕೇಳ್ತೀರಲ್ಲ. ಈ ಮಗುವಿಗಿರೋ ಮರ್ಯಾದೆ ನಿಮಗಿಲ್ಲ" ಎಂದೆ.

ಅವರು ನಕ್ಕರು. "ನೋಡಿದ್ರಾಮ್ಮ? ನೀವು ಅವರನ್ನ ನೋಡ್ಕೋಬೇಕಿತ್ತು. ಈಗ ಅವರೇ ನಿಮ್ಮನ್ನ ಕಾಪಾಡ್ತಿದ್ದಾರೆ. ನಾನು ಹೇಳಿದ ತಪ್ಪು ಇದೇ."

ನನ್ನ ಬಾಯಿಯೇ ಅವಳ ಅನ್ನಕ್ಕೆ ಕಲ್ಲು ಹಾಕಿತ್ತು.

ಹುಡುಗಿ ಎದ್ದು ನಿಂತಳು. "ಸರ್, ಇವರ ಸಮಯ ಇನ್ನೂ ಮುಗಿದಿಲ್ಲ. ದಯವಿಟ್ಟು ಆ ಕಡೆ ಕೂತ್ಕೊಳ್ಳಿ."

ಮೇಷ್ಟ್ರ ಮುಖ ಕೆಂಪಾಯಿತು. ಆದರೂ ಹೋದರು. ಅವಳು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡಳು.

"ಅಜ್ಜ, ಸಿಟ್ಟು ನಮ್ಮ ಸರ್ ಮೇಲೆ ಮಾತ್ರಾನಾ?"

ಹೌದೆನ್ನಲು ಹೊರಟೆ. ಆಗಲಿಲ್ಲ. ಬೆಳಗೂ ಬೈಗೂ ಯಾರಿಗೆ ಕೈ ಮುಗಿಯುತ್ತೇನೋ ಅವನ ಮೇಲಿನ ಸಿಟ್ಟು ಬಾಯಿಗೆ ಬಂತು. "ಅವಳನ್ನ ಉಳಿಸು ಅಂತ ಬೇಡಿದ್ದೆ ಮಗಳೇ. ಜೀವಮಾನದಲ್ಲಿ ಅದೊಂದೇ ಬೇಡಿದ್ದು. ಕಿವುಡನ ಹಾಗೆ ಕೂತುಬಿಟ್ಟ" ಎಂದೆ. ಮಗನ ಮುಂದೆಯೂ ಆಡದ ಮಾತು ಅದು.

ಅವಳು ಮತ್ತೆ ಕಾದಳು. ಈ ಸಲ ಬಾಗಿಲು ತೆರೆಯಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಮೇಷ್ಟ್ರು, "ಆ ಒಂದು ಪ್ರಶ್ನೆ ಸಾಕು. ಪರೀಕ್ಷೆಗೆ ಕೂತ್ಕೊಳ್ಳಿ" ಎಂದು ಅವಳಿಗಷ್ಟೇ ಹೇಳಿ ಮುಂದೆ ನಡೆದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ದುಃಖದಲ್ಲಿದ್ದವನ ಪ್ರಾರ್ಥನೆಯ ನಡುವೆ ನುಗ್ಗಿದ್ದಕ್ಕೆ ಕ್ಷಮೆ ಕೇಳುವುದು ಅವರ ಪಾಠದಲ್ಲಿ ಇಲ್ಲವೇನೋ. ನಾನು ಹುಡುಗಿಗೆ ಮಾತ್ರ ಕೈ ಮುಗಿದು ಬಂದೆ.