ಏನೂ ಇಲ್ಲದ ಜಾಗ

ಮುಂದಿನ ಸೀಟಿನವನು ಹೆಬ್ಬೆರಳಿಗೆ ಅಂಟಿದ ಸುಣ್ಣವನ್ನು ಸೀಟಿನ ಸರಳಿಗೆ ಒರೆಸಿದ, ಒರೆಸಿ ತಿರುಗಿಯೂ ನೋಡಲಿಲ್ಲ, ಬಿಳಿ ಗೆರೆಯೊಂದು ಕಬ್ಬಿಣದ ಮೇಲೆ ಹಸಿಯಾಗಿ ಉಳಿಯಿತು, ತಿರುವು ಬಂದರೆ ನಿರಂಜನ ಹಿಡಿದುಕೊಳ್ಳಬೇಕಾದದ್ದು ಅದೇ ಸರಳು, ಅದರ ಮೇಲೆ ಈಗಾಗಲೇ ಎಷ್ಟು ಜನರ ಸುಣ್ಣ, ಎಷ್ಟು ಜನರ ಬೆವರು, ಎಷ್ಟು ಮಕ್ಕಳ ಮೂಗು — ತಿರುವು ಬಂದೇ ಬಂತು, ಹಿಡಿದ. ಬಾಯಲ್ಲಿ ಇನ್ನೂ ಆ ಪುಡಿ. ಇಂಗು, ಓಮ, ಒಣಶುಂಠಿ, ಕಪ್ಪು ಉಪ್ಪು, ಎಲ್ಲದರ ಅಡಿಯಲ್ಲಿ ಹೆಸರು ಗೊತ್ತಿಲ್ಲದ ಒಂದು ಕೊಳೆತ ಸಿಹಿ. ತೀರ್ಥಹಳ್ಳಿಯಲ್ಲಿ ಬಸ್ಸು ಹತ್ತುವ ಮೊದಲು ಎರಡು ಸಲ ಬಾಯಿ ಮುಕ್ಕಳಿಸಿದ್ದ, ಟೀ ಕುಡಿದಿದ್ದ, ತೇಗಿದರೆ ಮತ್ತೆ ಅದೇ ಮೇಲೆ ಬರುತ್ತದೆ. ಕೈ ಚಾಚು ತಮ್ಮ, ಎಂದಿದ್ದರು ಸೀತಾರಾಮಪ್ಪ, ಹಗುರ ಚೂರ್ಣದ ಮಾಲೀಕರು, ಚಾಚಿದ, ಡಬ್ಬಿಯಿಂದ ಚಿಟಿಕೆ ತೆಗೆದು ಅಂಗೈ ನಡುವೆ ಇಟ್ಟು ಹೆಬ್ಬೆರಳಿನಿಂದ ಒತ್ತಿದರು, ಮುದ್ರೆ ಹಾಕಿದ ಹಾಗೆ, ತಿನ್ನು, ಹೊಟ್ಟೆ ಇದೆ ಅಂತ್ಲೇ ಗೊತ್ತಾಗ್ಬಾರ್ದು, ಎಂದರು, ಅವನು ತಿಂದ, ಚೆನ್ನಾಗಿದೆ ಸರ್ ಎಂದ. ಚೆನ್ನಾಗಿದೆ ಎನ್ನುವುದಕ್ಕೆ ಅವನ ನಾಲಗೆಗೆ ಎಷ್ಟು ಅಭ್ಯಾಸ. ಉಗುರಿನ ಸಂದಿಯ ಪುಡಿಯೂ ಚೆನ್ನಾಗಿತ್ತು, ಗೋಡೆಯ ಮೇಲೆ ನಗುತ್ತಿದ್ದ ಹೊಟ್ಟೆಯ ಚಿತ್ರವೂ ಚೆನ್ನಾಗಿತ್ತು, ತಾನು ಹೇಳಿದ ಆ ಮಾತು ಅದಕ್ಕಿಂತ ಚೆನ್ನಾಗಿತ್ತು — ಅದನ್ನು ಈಗ ನೆನೆಯುವುದು ಬೇಡ, ಸಹಿಯಾದ ಕಾಗದ ಬ್ಯಾಗಿನಲ್ಲಿದೆ, ಬ್ಯಾಗು ತೊಡೆಯ ಮೇಲಿದೆ, ಕಾಗದಕ್ಕೆಲ್ಲಿ ತೂಕ, ಆದರೂ ತೊಡೆ ಬೆವರುತ್ತಿದೆ.

ಅವನು ಮಾರುವುದು ಜಾಗ. ಜಾಗ ಅಂದ್ರೆ ಎಲ್ಲಿ ಬರ್ತದೆ, ರೋಡಿಗೆ ಹತ್ರನಾ, ಎಂದು ಕೇಳಿದ್ದ ಸಾಗರದ ಒಬ್ಬ ಬೇಕರಿಯವನು, ರೋಡಿಗೆ ಹತ್ತಿರವಲ್ಲ ಸ್ವಾಮಿ, ಯಾವ ರೋಡಿಗೂ ಅಲ್ಲ, ಸಾಗರದ ಯೋಗರಾಜ್ ಮಾಡಿರುವ ಕಿಟಕಿ ಎಂಬ ಆ್ಯಪಿನ ಒಳಗೆ, ಅಲ್ಲಿ ಚಿತ್ರವಿಲ್ಲದ ಆಟ ನಡೆಯುತ್ತದೆ, ಬರೀ ಅಕ್ಷರ, ಉತ್ತರಕ್ಕೆ ಹೋಗು ಎಂದು ಬರೆದರೆ ಉತ್ತರಕ್ಕೆ ಬಂದಿದ್ದೀಯ, ಎದುರಿಗೆ ಬಾಗಿಲಿದೆ, ಬಾಗಿಲಾಚೆ ಯಾರೋ ಕೆಮ್ಮುತ್ತಿದ್ದಾರೆ ಎನ್ನುತ್ತದೆ, ಎಲ್ಲೆಲ್ಲಿಯವರೋ ಒಟ್ಟಿಗೆ ಬಂದು ಆಡುತ್ತಾರೆ, ಕೂಡಿ ಕೋಟೆ ಕಾಯುತ್ತಾರೆ, ಬೇಜಾರಾದರೆ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಆ ಸಾಲುಗಳ ನಡುವೆ ಜಾಹೀರಾತು. ಮೊದಲ ತಿಂಗಳು ಇದೂ ಗೊತ್ತಿರಲಿಲ್ಲ, ಪರದೆಯ ಮೇಲ್ತುದಿಯ ಪಟ್ಟಿಯನ್ನು ಒಂದು ಫೋಟೋ ಸ್ಟುಡಿಯೋಕ್ಕೆ ಮಾರಿದ್ದ, ಮದುಮಗಳು, ಮೂಗುತಿ, ಮಲ್ಲಿಗೆ ದಂಡೆ, ಕಣ್ಣು ಕುಕ್ಕುವ ಬಣ್ಣ, ತಿಂಗಳಾದರೂ ಒಂದು ಫೋನು ಬರಲಿಲ್ಲ, ಎಂತದಾ, ನಿನ್ನ ಆಟದವ್ರು ಯಾರಿಗೂ ಮದುವೇನೇ ಆಗಲ್ವನಾ, ಎಂದು ಸ್ಟುಡಿಯೋದ ಹರಿಪ್ರಸಾದ್ ಅಂಗಡಿ ತುಂಬ ಜನವಿರುವಾಗ ಕೇಳಿದ. ಆಮೇಲೆ ಕಾಲೇಜಿನ ಗೆಳತಿ ಸುಮನಾ ತನ್ನ ಫೋನನ್ನು ನಿರಂಜನನ ಕಿವಿಗೆ ಹಿಡಿದಳು. ಹೆಸರಿಲ್ಲದ ಚಿತ್ರ, ಎಂದಿತು ಫೋನಿನ ದನಿ. ಮತ್ತೆ ಮುಟ್ಟಿದಳು, ಹೆಸರಿಲ್ಲದ ಚಿತ್ರ. ನಿನ್ನ ಮದುಮಗಳು ನಮಗೆ ಇಷ್ಟೇ ಕಣಾ, ಎಂದು ನಕ್ಕಳು. ಆಡುವ ಎರಡು ಸಾವಿರ ಜನರಲ್ಲಿ ಸಾವಿರದ ಆರುನೂರು ಮಂದಿಗೆ ಸುಮನಾಳ ಹಾಗೆ ಕಣ್ಣು ಕಾಣುವುದಿಲ್ಲ, ಪರದೆಯ ಮೇಲೆ ಬಂದ ಸಾಲನ್ನು ಫೋನು ಓದುತ್ತದೆ, ಅವರು ಕೇಳುತ್ತಾರೆ. ಆ ದಿನ ಅವನಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ಹೊಳೆಯಿತು — ಚಿತ್ರ ಬೇಡ, ಸಾಲು ಮಾರಬೇಕು, ನೋಡುವವನು ಕಣ್ಣು ಅತ್ತ ತಿರುಗಿಸಬಹುದು, ಪುಟ ಮಗುಚಬಹುದು, ಕೇಳುವವನು ಕಿವಿಯನ್ನು ಎಲ್ಲಿ ತಿರುಗಿಸುತ್ತಾನೆ. ಹೊಳೆದದ್ದನ್ನು ಅಂಗಡಿ ಅಂಗಡಿಯಲ್ಲಿ ಹೇಳಿದ, ಬಣ್ಣ ಕಟ್ಟಿ ಹೇಳಿದ, ಹೇಳುವಾಗ ತನ್ನ ಕೈ ತಾನಾಗಿ ಕಿವಿಯ ಹತ್ತಿರ ಹೋಗಿ ಅಗಲವಾಗಿ ತೆರೆದುಕೊಳ್ಳುವುದನ್ನೂ ಕಂಡಿದ್ದ, ಛೆ, ಆ ಕೈ.

ಬಸ್ಸು ನಿಂತಿತು, ಕವಲೇದುರ್ಗಕ್ಕೆ ತಿರುಗುವ ದಾರಿ, ಇಬ್ಬರು ಇಳಿದರು, ಒಬ್ಬ ಕಿಟಕಿಯಿಂದ ಕೆಂಪಗೆ ಉಗಿದ, ಅದರ ಹನಿ ಹಿಂದಿನ ಗಾಜಿನ ಮೇಲೆ ಬಂದು ಕೂತಿತು, ಆ ಹನಿಯ ಮೂಲಕ ಆ ರಸ್ತೆ. ಅಲ್ಲೇ, ಅವತ್ತು ಅಲ್ಲೇ ಇಳಿದದ್ದು, ಸುಮನಾ ಅವನ ಮೊಣಕೈ ಹಿಡಿದಿದ್ದಳು. ಹೊಸನಗರದ ಕಾಲೇಜಿನಲ್ಲಿ ಮೂರು ವರ್ಷ ಅವಳ ಪಠ್ಯಪುಸ್ತಕಗಳನ್ನು ಓದಿ ಹೇಳಿದವನು ಅವನು, ಓದು ಅಂದ್ರೆ ಓದಾ, ನಾಟಕ ಮಾಡ್ಬೇಡ, ಎನ್ನುತ್ತಿದ್ದಳು, ಮಾಡುತ್ತಿದ್ದ, ದುಃಖದ ಸಾಲಿಗೆ ದುಃಖ ಬೆರೆಸಿ ಓದುತ್ತಿದ್ದ, ಆಮೇಲೆ ಫೋನಿಗೆ ದನಿ ಬಂತು, ಅವನ ದನಿ ಬೇಡವಾಯಿತು. ಆ ದನಿ ನಾಟಕ ಮಾಡುವುದಿಲ್ಲ, ಸಾವಿನ ಸುದ್ದಿಯನ್ನೂ ಕರೆಂಟ್ ಬಿಲ್ಲನ್ನೂ ಒಂದೇ ಸಮನೆ ಹೇಳುತ್ತದೆ, ಅದಕ್ಕೇ ಜಾಹೀರಾತಿಗೆ ಹೇಳಿ ಮಾಡಿಸಿದ್ದು, ಮೂರು ಪದ ಕಿವಿಗೆ ಬೀಳುವವರೆಗೆ ಆಟವೋ ಮಾರಾಟವೋ ತಿಳಿಯುವುದಿಲ್ಲ. ಆಟದ ಕೋಟೆಯನ್ನು ಬರೆದವಳು ಅವಳೇ. ಬರೆಯುವ ಮೊದಲು ಕೋಟೆ ಹತ್ತಬೇಕು ಎಂದಳು, ಹತ್ತಿದರು, ಅವನು ಎದುರಿಗೆ ಗುಡ್ಡ ಹೇಗಿದೆ ಗೊತ್ತಾ ಎಂದು ಶುರು ಮಾಡಿದ, ನೀನು ಸುಮ್ನಿರು ಮಾರಾಯ, ಕಾಲು ಹೇಳ್ತದೆ, ಎಂದಳು. ಮೆಟ್ಟಿಲು ಎಣಿಸಿದಳು, ಹೆಬ್ಬಾಗಿಲ ಕಲ್ಲಿನ ಮೇಲೆ ಹೆಬ್ಬೆರಳು ಆಡಿಸಿದಳು, ಎಲ್ಲಿ ಹೆಜ್ಜೆಯ ಸದ್ದು ಅಗಲವಾಗುತ್ತದೆ ಎಲ್ಲಿ ಕಿರಿದಾಗುತ್ತದೆ ಎಂದು ಹಿಂದೆ ಮುಂದೆ ನಡೆದಳು, ಮೇಲೆ, ಎರಡು ಮುರಿದ ಗೋಡೆಗಳ ನಡುವೆ ತಟ್ಟನೆ ನಿಂತಳು. ಗಾಳಿಯ ಸದ್ದಿರಲಿಲ್ಲ, ಹಕ್ಕಿಯದ್ದಿರಲಿಲ್ಲ, ಕೆಳಗೆ ಫೋಟೋ ತೆಗೆಯುತ್ತಿದ್ದವರ ಕೂಗೂ ಇರಲಿಲ್ಲ. ಇಲ್ಲಿ ಎಂತದೂ ಇಲ್ಲ ಅಲ್ವನಾ, ಎಂದಳು, ಎಷ್ಟು ಮೆಲ್ಲಗೆ ಎಂದರೆ ಸಿಕ್ಕಿದ್ದನ್ನು ಬಚ್ಚಿಡುವವರ ಹಾಗೆ. ಹತ್ತು ನಿಮಿಷ ನಿಂತಳು, ಅವನು ಕಾಲು ಬದಲಿಸುತ್ತ ನಿಂತ. ಆಟದಲ್ಲಿ ಆ ಜಾಗಕ್ಕೆ ಎರಡೇ ವಾಕ್ಯ, ಇಲ್ಲಿ ಏನೂ ಇಲ್ಲ, ಎಷ್ಟು ಹೊತ್ತು ಬೇಕಾದರೂ ಇರಬಹುದು. ಅಷ್ಟು ಹೇಳಿ ದನಿ ಸುಮ್ಮನಾಗುತ್ತದೆ. ಅಲ್ಲಿ ಯಾರೂ ಯಾರನ್ನೂ ಕೊಲ್ಲಲಾರರು, ಮಾತಾಡಿಸಲಾರರು. ಆಟದ ಉಳಿದ ಭಾಗದಲ್ಲೆಲ್ಲ ಸುಮನಾ ಕೊಡಲಿ ಹಿಡಿದು ತಿರುಗುವವಳು, ನಿರಂಜನನನ್ನೇ ಹದಿನೇಳು ಸಲ ಕಡಿದಿದ್ದಾಳೆ, ಕಡಿದು ಮಾರನೆಯ ದಿನ ಫೋನು ಮಾಡಿ ಹೇಗಿದ್ದೀಯಾ ಎನ್ನುತ್ತಾಳೆ, ಆದರೆ ಮಧ್ಯಾಹ್ನ ಉಂಡ ಮೇಲೆ ಅರ್ಧ ಗಂಟೆ ಆ ಗೋಡೆಗಳ ನಡುವೆ. ಪಂಪ್‌ಸೆಟ್ ಮಾರುವ ಅಂಗಡಿಯಲ್ಲಿ ಫೋನು ಎತ್ತುವುದು ಅವಳ ಕೆಲಸ, ಬೆಳಿಗ್ಗೆ ಒಂಬತ್ತರಿಂದ ಮೋಟರು ಸುಟ್ಟಿತು, ನೀರು ಎತ್ತುತ್ತಿಲ್ಲ, ನಿಮ್ಮ ರಿಪೇರಿಯವನು ಎಲ್ಲಿ ಸತ್ತ ಎಂಬ ಕೂಗು. ಜಾಹೀರಾತಿನ ಮಾತು ಬಂದಾಗ ಅವಳು ಜಗಳವಾಡಲಿಲ್ಲ. ಹೆಬ್ಬಾಗಿಲು ಮಾರ್ಕೊ, ಕೊಳ ಮಾರ್ಕೊ, ನಾನು ಸತ್ತು ಬೀಳೋ ಜಾಗ ಬೇಕಾದ್ರೂ ಮಾರ್ಕೊ, ಅದೊಂದು ಬಿಡು. ಬಿಟ್ಟೆ, ಎಂದಿದ್ದ. ಮಾತಾ? ಮಾತು.

ಇವತ್ತು ಬೆಳಿಗ್ಗೆ ಸೀತಾರಾಮಪ್ಪ ಬೇಡ ಎನ್ನುವವರಿದ್ದರು. ಕೊಲ್ಲೋ ಆಟದಾಗೆ ನಮ್ ಪುಡಿ ಎಂತಕ್ಕೆ ತಮ್ಮ, ಓಡ್ತಿರೋನು ಕೇಳ್ತಾನಾ, ಎಂದರು, ಡಬ್ಬಿಯ ಮುಚ್ಚಳ ಹಾಕಿದರು, ಅವನು ನಮಸ್ಕಾರ ಹೇಳಿ ಏಳಬಹುದಿತ್ತು. ಯಾರೂ ಒತ್ತಾಯಿಸಿರಲಿಲ್ಲ. ಆದರೆ ಆ ಮುಚ್ಚಳದ ಸದ್ದು, ತನ್ನಂಥ ಬುದ್ಧಿವಂತನ ಎದುರಿಗೆ ಮುಚ್ಚಳ, ಅವನ ಬಾಯಿ ತಾನೇ ತೆರೆಯಿತು — ಒಂದು ಜಾಗ ಇದೆ ಸರ್, ಅಲ್ಲಿ ಯಾರೂ ಓಡಲ್ಲ, ಬಂದೋರು ಹನ್ನೊಂದು ನಿಮಿಷ ನಿಲ್ತಾರೆ, ಸುಮ್ನೆ ನಿಲ್ತಾರೆ, ಬೇರೆ ಒಂದು ಸದ್ದೂ ಇರಲ್ಲ. ಹನ್ನೊಂದು ನಿಮಿಷ ಎಂಬ ಲೆಕ್ಕವನ್ನು ಯಾರೂ ಕೇಳಿರಲಿಲ್ಲ, ಅವನೇ ಎಂದೋ ತೆಗೆದು ಇಟ್ಟುಕೊಂಡಿದ್ದ, ಯಾಕೆ ತೆಗೆದಿದ್ದ, ಮಾತು ಕೊಟ್ಟವನು ಯಾಕೆ ಲೆಕ್ಕ ತೆಗೆಯುತ್ತಾನೆ. ಸೀತಾರಾಮಪ್ಪನವರ ಕಣ್ಣು ಸಣ್ಣಗಾಯಿತು. ಕಿವಿ ಮುಚ್ಕಳಕ್ಕೂ ಆಗಲ್ಲ ಅಂತೀಯ? ಆಗಲ್ಲ ಸರ್. ಅವರು ನಕ್ಕರು, ಒಳ್ಳೆಯ ನಗು, ಮನೆಯವರು ನಗುವ ಹಾಗೆ, ಅವನೂ ನಕ್ಕ, ಕೈ ಚಾಚು ತಮ್ಮ. ನಲವತ್ತು ಸೆಕೆಂಡಿಗೊಮ್ಮೆ ಹಾಕೋಣ ಎಂದವನೂ ಅವನೇ, ಹೊಟ್ಟೆ ಭಾರವೇ ಎಂದು ಸಾಲು ಬರೆದು ಕೊಟ್ಟವನೂ ಅವನೇ. ಸಹಿಯಾದ ಕಾಗದದ ಫೋಟೋ ಕಳಿಸಿದ ಮೇಲೆ ಯೋಗರಾಜ್ ಫೋನು ಮಾಡಿದ, ಸುಮನಂಗೆ ಹೇಳಿದ್ಯನಾ, ಇಲ್ಲ, ಹೇಳ್ತೀನಿ, ದಾರೀಲೇ ಹೊಸನಗರದಲ್ಲಿ ಇಳಿದು ನಾನೇ ಹೇಳ್ತೀನಿ, ಅಲ್ಲೀವರೆಗೆ ಹಾಕ್ಬೇಡ. ಎರಡು ಗಂಟೆಗೆ ಹಾಕ್ತೀನಿ ಮಾರಾಯ, ಎಂದ ಯೋಗರಾಜ್, ಅಷ್ಟರೊಳಗೆ ಬೇಡ ಅನ್ಸಿದ್ರೆ ಒಂದು ಫೋನ್ ಮಾಡು, ಕಾಗದ ಹರಿದು ಬಿಸಾಕಣ, ನಂಗೂ ಸಮಾಧಾನ ಇಲ್ಲ. ಸಮಾಧಾನವಿಲ್ಲವಂತೆ, ಆದರೂ ಎರಡು ಗಂಟೆಗೆ ಹಾಕುತ್ತಾನಂತೆ, ಅವನ ಮೇಲೂ ವಾಕರಿಕೆ, ಮುಂದಿನ ಸೀಟಿನವನ ಕತ್ತಿನ ಮಡಿಕೆಯ ಮೇಲೂ, ಎಲ್ಲಕ್ಕಿಂತ ತನ್ನ ಬಾಯಿಯ ಈ ರುಚಿಯ ಮೇಲೆ, ಮತ್ತೆ ಗೊತ್ತು, ಇದೂ ಅವನ ಒಂದು ಉಪಾಯ, ಹೀಗೆ ಹೇಸಿಗೆಪಡುತ್ತ ಕೂತರೆ ಏನೋ ಮಾಡಿದ ಹಾಗಾಗುತ್ತದೆ, ಫೋನು ಜೇಬಿನಲ್ಲೇ ಇರುತ್ತದೆ.

ಹೊಸನಗರ. ಒಂದೂ ಐವತ್ತು. ಇಳಿದ, ಪಂಪ್‌ಸೆಟ್ ಅಂಗಡಿ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ, ಮುಂದೆ ಕೂತಿದ್ದ ವಿನಯಾ ಎಂಬ ಹುಡುಗಿ, ಸುಮನಾ ಹಿಂದಿದ್ದಾಳೆ ನೋಡಿ, ಉಂಡಾಯ್ತು, ಈಗ ಯಾರನ್ನೂ ಮಾತಾಡ್ಸಲ್ಲ ಅವ್ಳು, ಎಂದು ಕೈ ತೋರಿಸಿದಳು. ಪ್ಲಾಸ್ಟಿಕ್ ಪೈಪುಗಳ ಕಟ್ಟು, ಗ್ರೀಸಿನ ವಾಸನೆ, ತೊಳೆದು ಬೋರಲು ಹಾಕಿದ ಟಿಫಿನ್ ಡಬ್ಬಿ, ಬೆಂಚಿನ ಮೇಲೆ ಸುಮನಾ, ಫೋನು ಎಡಗಿವಿಯ ಹತ್ತಿರ, ಹೆಬ್ಬೆರಳು ಅದರ ಅಂಚಿನ ಮೇಲೆ ಮಲಗಿದೆ. ಹೆಬ್ಬೆರಳು ಹಾಗೆ ಮಲಗಿದ್ದರೆ ಅಲ್ಲಿದ್ದಾಳೆ ಎಂದು ಅರ್ಥ, ಗೋಡೆಗಳ ನಡುವೆ, ಅದು ಅವನಿಗೆ ಗೊತ್ತು. ಮುಖದಲ್ಲಿ ಏನೂ ಇಲ್ಲ, ಉಂಡ ಮಗುವಿನ ಮುಖದ ಹಾಗೆ. ಸುಮನಾ, ಎನ್ನಬೇಕು. ಒಂದೂ ಐವತ್ತನಾಲ್ಕು. ಎಂದರೆ ಅವಳ ಸುಮ್ಮನಿರುವಿಕೆಯನ್ನು ತಾನೇ ಮೊದಲು ಕೆಡಿಸಿದ ಹಾಗಾಗುವುದಿಲ್ಲವೇ, ಎಂಥ ಸೂಕ್ಷ್ಮ ಇವನದು, ಥೂ, ನಿಂತೇ ಇದ್ದ, ಅವಳಿಗೆ ಗೊತ್ತಾಗದ ಹಾಗೆ ಅವಳನ್ನು ನೋಡುತ್ತ, ಉಸಿರನ್ನು ಸಣ್ಣಗೆ ಮಾಡಿಕೊಂಡು, ಕಳ್ಳನೂ ಇಷ್ಟು ಹತ್ತಿರ ಬರುವುದಿಲ್ಲ. ಯಾರು, ಎಂದಳು. ಮುಖ ತಿರುಗಿಸಿ ಗಾಳಿಯನ್ನು ಮೂಸಿದಳು. ಇಂಗಿನ ವಾಸನೆ ಬರ್ತಾ ಇದೆ, ಯಾರದು? ಅವನು ಬಾಯಿ ಮುಚ್ಚಿಕೊಂಡ, ತುಟಿ ಬಿಗಿದು, ಪುಡಿಯ ವಾಸನೆ ಹೊರಗೆ ಬರದ ಹಾಗೆ, ಜೇಬಿನಲ್ಲಿ ಫೋನಿನ ಮೇಲೆ ಕೈ, ಯೋಗರಾಜನ ಹೆಸರು ಒತ್ತಲು ಒಂದು ಬೆರಳು ಸಾಕು, ಒಂದೂ ಐವತ್ತೆಂಟು. ಉತ್ತರ ಬಾರದ್ದಕ್ಕೆ ಅವಳು ಭುಜ ಹಾರಿಸಿ ಮತ್ತೆ ಆಟದ ಆ ಗೋಡೆಗಳ ನಡುವೆ ಹೋದಳು, ಇಲ್ಲಿ ಏನೂ ಇಲ್ಲ, ಎಷ್ಟು ಹೊತ್ತು ಬೇಕಾದರೂ ಇರಬಹುದು. ಹೆಬ್ಬೆರಳು ಮಲಗಿತು. ಹೊರಗೆ ಬಸ್ಸಿನ ಹಾರ್ನು, ಯಾರೋ ಪೈಪಿನ ಅಳತೆ ಕೇಳುತ್ತಿದ್ದಾರೆ, ಕೈ ಜೇಬಿನಲ್ಲೇ ಬೆವರುತ್ತಿದೆ, ತೆಗೆಯುತ್ತೇನೆ, ಈಗ ತೆಗೆಯುತ್ತೇನೆ — ಹೊಟ್ಟೆ ಭಾರವೇ? ಹಗುರ ಚೂರ್ಣ. ಊಟವಾದ ಮೇಲೆ ಅರ್ಧ ಚಮಚ. ನಾಟಕವಿಲ್ಲದ ಅದೇ ದನಿ. ಸುಮನಾಳ ಹೆಬ್ಬೆರಳು ಎದ್ದಿತು, ದನಿಯನ್ನು ನಿಲ್ಲಿಸಲು ಎದ್ದದ್ದು, ಅಷ್ಟರಲ್ಲಿ ದನಿಯೇ ನಿಂತಿತ್ತು, ನಿಲ್ಲಿಸುವುದಕ್ಕೆ ಏನೂ ಉಳಿದಿರಲಿಲ್ಲ, ಹೆಬ್ಬೆರಳು ಅನುಮಾನಿಸಿ ಮೆಲ್ಲಗೆ ಇಳಿಯಿತು, ಮಲಗಿತು. ಅವಳು ತಪ್ಪಿ ಹೊರಗೆ ಬಂದೆನೇನೋ ಎಂಬಂತೆ ಮತ್ತೆ ಕೇಳಿಸಿಕೊಂಡಳು, ಇಲ್ಲಿ ಏನೂ ಇಲ್ಲ. ಇವನು ಎಣಿಸುತ್ತಿದ್ದ, ಬೇಡವೆಂದರೂ ಎಣಿಕೆ ನಡೆದಿತ್ತು, ಮೂವತ್ತೆಂಟು, ಮೂವತ್ತೊಂಬತ್ತು, ಹೊಟ್ಟೆ ಭಾರವೇ, ಹೆಬ್ಬೆರಳು ಎದ್ದಿತು, ಮತ್ತೆ ತಡವಾಗಿತ್ತು, ಆದರೆ ಈ ಸಲ ಇಳಿಯಲಿಲ್ಲ. ಫೋನು ಸುಮ್ಮನಿದೆ, ಪೈಪು ಕೇಳಿದವನು ಹೋಗಿದ್ದಾನೆ, ಇಡೀ ಅಂಗಡಿಯಲ್ಲಿ ಒಂದು ಸದ್ದಿಲ್ಲ, ಅವಳ ಹಣೆಯ ಮೇಲೆ ಒಂದು ಸಣ್ಣ ಗೆರೆ ಬಂದಿದೆ, ಹತ್ತು, ಹನ್ನೊಂದು, ಕಿವಿ ಚೂಪಾಗಿದೆ, ಹದಿನೈದು, ಮತ್ತೆ ಆ ಹೆಬ್ಬೆರಳು, ಪರದೆಯಿಂದ ಒಂದು ಅಕ್ಕಿಕಾಳಿನಷ್ಟು ಮೇಲೆ, ಮುಟ್ಟದೆ, ಮಲಗದೆ, ಬರಲಿರುವುದಕ್ಕೆ ಕಾದು, ಇಪ್ಪತ್ತು, ಹೆಬ್ಬೆರಳು, ಇಪ್ಪತ್ತೊಂದು, ಗಾಳಿಯಲ್ಲಿ ಎತ್ತಿಕೊಂಡೇ ಇರುವ ಹೆಬ್ಬೆರಳು